ಥಾಮಸ್ ಮನ್‌ನಿಂದ ಆಡಂ ಸ್ಮಿತ್‌ವರೆಗೆ: ಹಳೇ ಅರ್ಥಶಾಸ್ತ್ರದ ಬರಹಗಳನ್ನ ನಾವೇ ಓದ್ಕೊಳ್ಳೋದು ಹೇಗೆ

ಬಿಎ, ಎಂಎ ಎಕನಾಮಿಕ್ಸ್ ಮಾಡಿದವರಿಗೆಲ್ಲ ಈ ಅನುಭವ ಆಗಿರತ್ತೆ. ಆರ್ಥಿಕ ಚಿಂತನೆಯ ಇತಿಹಾಸ ಅನ್ನೋ ಪೇಪರ್‌ನಲ್ಲಿ ಮರ್ಕೆಂಟಿಲಿಸಂಗೆ ಒಂದೆರಡು ಪುಟ ಕೊಟ್ಟು, ಚಿನ್ನ ಬೆಳ್ಳಿನೇ ಸಂಪತ್ತು ಅಂತ ನಂಬಿದ್ರು, ರಫ್ತು ಜಾಸ್ತಿ ಮಾಡಿ ಆಮದು ಕಮ್ಮಿ ಮಾಡಿ ಅಂದ್ರು, ಆಮೇಲೆ ಆಡಂ ಸ್ಮಿತ್ ಬಂದು ಅದು ತಪ್ಪು ಅಂತ ತೋರಿಸಿದ, ಇಷ್ಟು ಹೇಳಿ ಮುಗಿಸಿಬಿಡ್ತಾರೆ, ನಾವೂ ಅದನ್ನೇ ಉರು ಹೊಡೆದು ಪರೀಕ್ಷೆ ಬರೆದು ಬಂದ್ಬಿಡ್ತೀವಿ. ಮೂಲ ಬರಹ ಕೈಗೆ ತಗೊಂಡಾಗ್ಲೇ ಗೊತ್ತಾಗೋದು ಆ ಎರಡು ಪುಟ ಈ ಹಳೇ ಬರಹಗಾರರಿಗೆ ಎಂಥ ಅನ್ಯಾಯ ಮಾಡಿದೆ ಅಂತ. ಅವರೆಲ್ಲ ತಮ್ಮ ಕಾಲದ ಒಂದು ದೊಡ್ಡ ತಾಪತ್ರಯ ಕಣ್ಣೆದುರು ಇಟ್ಕೊಂಡು, ಕೈಯಲ್ಲಿ ಲೆಕ್ಕದ ಪುಸ್ತಕ ಹಿಡ್ಕೊಂಡು ಬರೆದೋರು. ಆ ತಾಪತ್ರಯ ಏನು ಅಂತ ಮೊದಲು ತಿಳ್ಕೊಂಡು, ಲೆಕ್ಕಾನ ನಾವೇ ಇನ್ನೊಂದ್ಸಲ ಹಾಕಿದ್ರೆ ಸಾಕು, ಮಿಕ್ಕಿದ್ದು ತಾನಾಗೇ ಅರ್ಥ ಆಗತ್ತೆ. ಹೇಗೆ ಅಂತ ಇಲ್ಲಿ ಬರೀತಿದೀನಿ, ಕಾಮರ್ಸ್ ಎಕನಾಮಿಕ್ಸ್ ಓದದೇ ಇರೋರೂ ಧಾರಾಳವಾಗಿ ಟ್ರೈ ಮಾಡಬಹುದು.

ಏನೇನು ಬೇಕು

ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಮೊಬೈಲ್‌ನಲ್ಲಿರೋ ಕ್ಯಾಲ್ಕುಲೇಟರ್. ಪುಸ್ತಕಕ್ಕೆ ದುಡ್ಡು ಹಾಕೋ ಅಗತ್ಯ ಇಲ್ಲ, ಇವೆಲ್ಲ ಕಾಪಿರೈಟ್ ಮುಗಿದು ಎಷ್ಟೋ ಕಾಲ ಆಯ್ತು, ಇಂಟರ್ನೆಟ್ ಆರ್ಕೈವ್, ಪ್ರಾಜೆಕ್ಟ್ ಗುಟೆನ್‌ಬರ್ಗ್ ಥರದ ಕಡೆ ಹುಡುಕಿದ್ರೆ ಫ್ರೀಯಾಗಿ ಸಿಗತ್ತೆ. ಹಳೇ ಮುದ್ರಣದ ಸ್ಕ್ಯಾನ್ ತೆಗೀಬೇಡಿ, ಅದರಲ್ಲಿ ಎಸ್ ಅಕ್ಷರ ಎಫ್ ಥರ ಕಾಣ್ಸತ್ತೆ, ಸ್ಪೆಲ್ಲಿಂಗ್ ಒಂದೊಂದು ಪುಟದಲ್ಲಿ ಒಂದೊಂದು ಥರ, ಹತ್ತು ಪುಟಕ್ಕೇ ತಲೆನೋವು ಬರತ್ತೆ. ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಅಚ್ಚು ಹಾಕಿದ್ದು ಅಥವಾ ಟೈಪ್ ಮಾಡಿ ಹಾಕಿರೋದು ನೋಡ್ಕೊಳ್ಳಿ.

ಓದೋ ಕ್ರಮ ನನ್ನ ಪ್ರಕಾರ ಹೀಗಿರಲಿ: ಮೊದಲು ಇಂಗ್ಲಿಷ್ ವ್ಯಾಪಾರಿ ಥಾಮಸ್ ಮನ್, ಆಮೇಲೆ 1690ರ ದಶಕದ ನಾಣ್ಯದ ಜಗಳ, ಆಮೇಲೆ ಸ್ಕಾಟ್ಲೆಂಡ್‌ನ ತತ್ವಜ್ಞಾನಿ ಡೇವಿಡ್ ಹ್ಯೂಮ್‌ನ ಎರಡು ಪ್ರಬಂಧ, ಜೊತೆಗೆ ಕ್ಯಾಂಟಿಲಾನ್, ಸ್ವಲ್ಪ ಕೆನೆ, ಕೊನೇಲಿ ಸ್ಮಿತ್. ತುಂಬಾ ಜನ ಸ್ಮಿತ್‌ನಿಂದ ಶುರು ಮಾಡ್ತಾರೆ. ಅದು ಬೇಡ ಅಂತೀನಿ. ಸ್ಮಿತ್ ಅಷ್ಟು ಚೆನ್ನಾಗಿ ವಾದ ಮಾಡ್ತಾನೆ ಅಂದ್ರೆ ಅವನನ್ನ ಓದಿದ ಮೇಲೆ ಅವನಿಗಿಂತ ಹಿಂದಿನವರನ್ನ ಅವನ ಕಣ್ಣಿಂದಲೇ ನೋಡೋಕೆ ಶುರು ಮಾಡ್ತೀವಿ, ಪ್ರತಿವಾದಿ ಲಾಯರ್ ಹೇಳಿದ್ದನ್ನ ಮಾತ್ರ ಕೇಳಿ ತೀರ್ಪು ಕೊಟ್ಟ ಹಾಗೆ.

ಎರಡು ಸಣ್ಣ ವಿಷಯ ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದಿಟ್ಕೊಳ್ಳಿ. ಒಂದು, ಆಗಿನ ಇಂಗ್ಲಿಷ್ ದುಡ್ಡಲ್ಲಿ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್, ಅಂದ್ರೆ ಪೌಂಡಿಗೆ 240 ಪೆನ್ನಿ, ಐದು ಶಿಲ್ಲಿಂಗ್‌ನ ಬೆಳ್ಳಿ ನಾಣ್ಯಕ್ಕೆ ಕ್ರೌನ್ ಅಂತಿದ್ರು. ಎರಡು, 1752ಕ್ಕೆ ಮುಂಚೆ ಇಂಗ್ಲೆಂಡ್‌ನಲ್ಲಿ ಸರ್ಕಾರಿ ಲೆಕ್ಕದ ಹೊಸ ವರ್ಷ ಶುರು ಆಗ್ತಿದ್ದಿದ್ದು ಮಾರ್ಚ್ 25ಕ್ಕೆ, ಹಾಗಾಗಿ ಜನವರಿ ಫೆಬ್ರವರಿಯ ಒಂದು ಪತ್ರ ಒಂದು ಪುಸ್ತಕದಲ್ಲಿ 1695 ಅಂತಿದ್ದು ಇನ್ನೊಂದರಲ್ಲಿ 1696 ಅಂತಿದ್ರೆ ಗಾಬರಿ ಆಗ್ಬೇಡಿ.

ಪ್ರತಿ ಬರಹಕ್ಕೂ ಕೇಳಬೇಕಾದ ಮೂರು ಪ್ರಶ್ನೆ

ಒಂದೊಂದು ಬರಹ ತೆಗೆದಾಗ್ಲೂ ಖಾಲಿ ಪುಟದ ಮೇಲ್ಗಡೆ ಈ ಮೂರು ಬರೀರಿ. ಆ ವರ್ಷ ಆ ದೇಶದಲ್ಲಿ ಏನು ತೊಂದರೆ ಆಗಿತ್ತು? ಬರೆದೋನು ಯಾರ ಪರ, ಯಾರಿಗೆ ಬರೀತಿದಾನೆ? ಅವನು "ಲಾಭ" ಅಂದಾಗ ಯಾರ ಲಾಭ? ಮೂರನೇದು ಸಣ್ಣದು ಅನ್ಸತ್ತೆ, ಆದ್ರೆ ಜಾಸ್ತಿ ಕೆಲಸಕ್ಕೆ ಬರೋದು ಅದೇ.

ಈಗ ಮನ್‌ನ ಕಾಲಕ್ಕೆ ಹಾಕಿ ನೋಡೋಣ. 1620ರ ಸುಮಾರು ಇಂಗ್ಲೆಂಡ್‌ನಲ್ಲಿ ವ್ಯಾಪಾರ ಕೂತುಬಿಟ್ಟಿತ್ತು. ಅವರ ದೊಡ್ಡ ರಫ್ತು ಅಂದ್ರೆ ಉಣ್ಣೆ ಬಟ್ಟೆ. 1618ರಲ್ಲಿ ಜರ್ಮನ್ ಪ್ರಾಂತ್ಯಗಳಲ್ಲಿ ಮೂವತ್ತು ವರ್ಷದ ಯುದ್ಧ ಶುರು ಆಯ್ತು, ಅಲ್ಲಿನ ರಾಜರುಗಳು ಯುದ್ಧದ ಖರ್ಚಿಗೆ ನಾಣ್ಯದಲ್ಲಿ ಬೆಳ್ಳಿ ಕಮ್ಮಿ ಮಾಡಿ ತಾಮ್ರ ತುಂಬಿದ್ರು, ಆ ಕಳಪೆ ನಾಣ್ಯದ ಲೆಕ್ಕದಲ್ಲಿ ಇಂಗ್ಲಿಷ್ ಬಟ್ಟೆ ಕೊಳ್ಳೋಕಾಗದಷ್ಟು ದುಬಾರಿ ಆಗೋಯ್ತು. ಇಲ್ಲಿ ನೇಕಾರರಿಗೆ ಕೆಲಸ ಇಲ್ಲ, ಕೈಯಲ್ಲಿ ಬೆಳ್ಳಿ ನಾಣ್ಯ ಇಲ್ಲ. ಆಗ ಜನರ ಬೆರಳು ಹೋಗಿದ್ದು ಈಸ್ಟ್ ಇಂಡಿಯಾ ಕಂಪನಿ ಕಡೆ. 1600ರ ಡಿಸೆಂಬರ್ 31ಕ್ಕೆ ಚಾರ್ಟರ್ ತಗೊಂಡ ಕಂಪನಿಗೆ ಒಂದೊಂದು ಯಾನಕ್ಕೆ 30,000 ಪೌಂಡ್‌ವರೆಗೆ ಬೆಳ್ಳಿ ಹೊರಗೆ ಒಯ್ಯೋಕೆ ಪರವಾನಗಿ ಇತ್ತು, ಯಾಕಂದ್ರೆ ನಮ್ಮ ಕಡೆ ಸೆಖೆಗೆ ಅವರ ಉಣ್ಣೆ ಬಟ್ಟೆ ಯಾರಿಗೆ ಬೇಕಿತ್ತು, ಏಷ್ಯಾದಲ್ಲಿ ಮೆಣಸು, ಬಟ್ಟೆ, ನೀಲಿ ಬಣ್ಣ ಕೊಳ್ಳೋಕೆ ಬೆಳ್ಳಿನೇ ಬೇಕಿತ್ತು. ದೇಶದ ಬೆಳ್ಳಿನೆಲ್ಲ ಇವರೇ ಖಾಲಿ ಮಾಡಿದ್ರು ಅಂತ ಗಲಾಟೆ ಎದ್ದಾಗ ಕಂಪನಿಯ ಪರವಾಗಿ ಬರೆದೋನೇ ಥಾಮಸ್ ಮನ್. ಅವನು 1615ರಿಂದ ಅದೇ ಕಂಪನಿಯ ನಿರ್ದೇಶಕ!

ಇದು ಗೊತ್ತಾದ ತಕ್ಷಣ "ಓ, ಕಂಪನಿ ಕಡೆಯೋನು, ಬಿಡಿ" ಅಂತ ಪುಸ್ತಕ ಮುಚ್ಚೋರೂ ಇದಾರೆ. ಹಾಗೆ ಮಾಡಬೇಡಿ. ಯಾರ ಪರ ಬರೆದ ಅನ್ನೋದು ಎಲ್ಲಿ ಹುಷಾರಾಗಿ ಓದಬೇಕು ಅಂತ ಹೇಳತ್ತೆ, ಅವನ ವಾದ ಸರಿನೋ ತಪ್ಪೋ ಅಂತ ಹೇಳಲ್ಲ. ಅದೇ ಜಗಳದಲ್ಲಿ ಎಡ್ವರ್ಡ್ ಮಿಸೆಲ್ಡನ್ ಅನ್ನೋನು 1622ರ ಪುಸ್ತಕದಲ್ಲಿ ಬೆಳ್ಳಿ ಪೂರ್ವಕ್ಕೆ ಹೋಗ್ತಿದೆ ಅಂತ ದೂರಿದ, 1623ರ ಪುಸ್ತಕದಲ್ಲಿ ಕಂಪನಿ ಪರ ನಿಂತ, ಅಷ್ಟೊತ್ತಿಗೆ ಕಂಪನಿ ಕೆಲಸಕ್ಕೆ ಸೇರಿದ್ದ. ಆದ್ರೂ 1623ರ ಪುಸ್ತಕದಲ್ಲಿ ವ್ಯಾಪಾರದ ತಕ್ಕಡಿ (ಬ್ಯಾಲೆನ್ಸ್ ಆಫ್ ಟ್ರೇಡ್, ಅಂದ್ರೆ ರಫ್ತಿಗೂ ಆಮದಿಗೂ ಇರೋ ಅಂತರ) ಅನ್ನೋ ವಿಚಾರಾನ ಅವನು ವಿವರಿಸಿದ ರೀತಿ ಓದೋಕೆ ಯೋಗ್ಯವಾದ್ದೇ. ಅವರಿಬ್ಬರ ಎದುರಾಳಿ ಜೆರಾರ್ಡ್ ಮಾಲಿನ್ಸ್, ಅವನ ಪ್ರಕಾರ ಎಲ್ಲಾ ಕೇಡಿಗೂ ಹುಂಡಿ (ದೇಶದಿಂದ ದೇಶಕ್ಕೆ ದುಡ್ಡು ಪಾವತಿಗೆ ಬರೆದುಕೊಡೋ ಪತ್ರ) ವಿನಿಮಯದ ದರ ಆಡಿಸೋ ಬ್ಯಾಂಕರುಗಳೇ ಕಾರಣ. ಒಂದೇ ತೊಂದರೆಗೆ ಮೂರು ರೋಗ ನಿರ್ಣಯ, ಎರಡು ಮೂರು ವರ್ಷದೊಳಗೆ. ಇದನ್ನ ನೋಟ್‌ಬುಕ್‌ನಲ್ಲಿ ಪಕ್ಕಪಕ್ಕ ಬರೆದು ನೋಡಿ, ಇವತ್ತಿನ ಬಜೆಟ್ ಚರ್ಚೆ ನೋಡಿದ ಹಾಗೇ ಇರತ್ತೆ.

ಮೆಣಸಿನ ಲೆಕ್ಕ ನೀವೇ ಹಾಕಿ

ಮನ್ 1621ರಲ್ಲಿ ಅಚ್ಚು ಹಾಕಿಸಿದ ಸಣ್ಣ ಪುಸ್ತಕದಲ್ಲಿ ಒಂದು ಟೇಬಲ್ ಇದೆ. ಯುರೋಪಿಗೆ ವರ್ಷಕ್ಕೆ ಬೇಕಾಗೋ ಮೆಣಸು 60 ಲಕ್ಷ ಪೌಂಡು ತೂಕ ಅಂತ ಇಟ್ಕೊಳ್ತಾನೆ. ಹಳೇ ದಾರೀಲಿ, ಅಂದ್ರೆ ಸಿರಿಯಾದ ಅಲೆಪ್ಪೊದಲ್ಲಿ ಕೊಂಡ್ರೆ ತೂಕದ ಪೌಂಡಿಗೆ 2 ಶಿಲ್ಲಿಂಗ್. ಹಡಗಲ್ಲಿ ನೇರ ಪೂರ್ವಕ್ಕೇ ಹೋಗಿ ಕೊಂಡ್ರೆ ಎರಡೂವರೆ ಪೆನ್ನಿ. ಈಗ ಪುಸ್ತಕ ಪಕ್ಕಕ್ಕಿಟ್ಟು ಗುಣಿಸಿ. ಅಲೆಪ್ಪೊ ಲೆಕ್ಕ 1 ಕೋಟಿ 20 ಲಕ್ಷ ಶಿಲ್ಲಿಂಗ್, 20ರಿಂದ ಭಾಗಿಸಿದ್ರೆ 6,00,000 ಪೌಂಡ್. ಪೂರ್ವದ ಲೆಕ್ಕ 1 ಕೋಟಿ 50 ಲಕ್ಷ ಪೆನ್ನಿ, 240ರಿಂದ ಭಾಗಿಸಿದ್ರೆ 62,500 ಪೌಂಡ್. ಮನ್ ಕೊಟ್ಟಿರೋ ಮೊತ್ತಾನೂ ಅದೇ. ನಾಲ್ಕು ನೂರು ವರ್ಷದ ಹಿಂದಿನ ಒಬ್ಬ ವ್ಯಾಪಾರಿಯ ಲೆಕ್ಕ ನಮ್ಮ ಮೊಬೈಲ್‌ನಲ್ಲಿ ತಾಳೆ ಆದಾಗ ಸಿಗೋ ಖುಷೀನೇ ಬೇರೆ.

ಈಗ ಅಸಲಿ ಕೆಲಸ: ಆ ಟೇಬಲ್‌ನಲ್ಲಿ ಏನು ಕಾಣೆ ಆಗಿದೆ? 62,500 ಅನ್ನೋದು ಅಲ್ಲಿ ಮೆಣಸು ಕೊಂಡ ಬೆಲೆ ಅಷ್ಟೇ. ಆಫ್ರಿಕಾದ ತುದಿ ಸುತ್ತಿ ಬರೋ ಹಡಗಿನ ಖರ್ಚು, ನಾವಿಕರ ಸಂಬಳ ಊಟ, ವಿಮೆ, ಬಡ್ಡಿ, ಸುಂಕ ಯಾವುದೂ ಅದರಲ್ಲಿಲ್ಲ. ಹಾಗಾದ್ರೆ ಮನ್ ಮೋಸ ಮಾಡಿದ್ನಾ? ಇಲ್ಲಿ ಮೂರನೇ ಪ್ರಶ್ನೆ ನೆನಪು ಮಾಡ್ಕೊಳ್ಳಿ, ಯಾರ ಲಾಭ? ಅವನ ದೊಡ್ಡ ಪುಸ್ತಕ ಅವನು ತೀರ್ಕೊಂಡ ಮೇಲೆ ಮಗ ಜಾನ್ 1664ರಲ್ಲಿ ಅಚ್ಚು ಹಾಕಿಸಿದ್ದು, ಅದರಲ್ಲಿ ಇನ್ನೊಂದು ಉದಾಹರಣೆ ಇದೆ: ಒಂದು ಲಕ್ಷ ಪೌಂಡ್ ಪೂರ್ವಕ್ಕೆ ಕಳಿಸಿ ಮೆಣಸು ತಂದು, ಅದನ್ನ ಇಟಲಿಗೋ ಟರ್ಕಿಗೋ ಮಾರಿದ್ರೆ ಕಮ್ಮಿ ಅಂದ್ರೂ ಏಳು ಲಕ್ಷ ಬರತ್ತೆ. ಆ ಆರು ಲಕ್ಷದ ಅಂತರ ಯಾಕೆ ಅಂದ್ರೆ ಹಡಗು, ಸಂಬಳ, ಆಹಾರ, ವಿಮೆ, ಬಡ್ಡಿ, ಸುಂಕಕ್ಕೆ ವ್ಯಾಪಾರಿ ವಿಪರೀತ ಖರ್ಚು ಮಾಡಿರ್ತಾನೆ ಅಂತ ಅವನೇ ಹೇಳ್ತಾನೆ. ಆದ್ರೆ ಹಡಗು ಇಂಗ್ಲೆಂಡ್‌ದು, ನಾವಿಕ ಇಂಗ್ಲೆಂಡ್‌ನೋನು, ಸುಂಕ ರಾಜನ ಖಜಾನೆಗೆ. ವ್ಯಾಪಾರಿಯ ಕೈಯಿಂದ ಹೋದದ್ದು ದೇಶದ ಒಳಗೇ ಇನ್ನೊಬ್ಬರ ಕೈ ಸೇರತ್ತೆ. ಅದಕ್ಕೇ ಅವನು ದೇಶದ ಲಾಭ, ವ್ಯಾಪಾರಿಯ ಲಾಭ, ರಾಜನ ಲಾಭ ಅಂತ ಮೂರು ಬೇರೆ ಬೇರೆ ಮಾಡ್ತಾನೆ, ವ್ಯಾಪಾರಿ ನಷ್ಟ ಮಾಡ್ಕೊಂಡ್ರೂ ದೇಶಕ್ಕೆ ಲಾಭ ಆಗಬಹುದು, ವ್ಯಾಪಾರಿಗೆ ಲಾಭ ಆದ್ರೂ ದೇಶಕ್ಕೆ ನಷ್ಟ ಆಗಬಹುದು, ಇಬ್ಬರಿಗೂ ನಷ್ಟ ಆಗಿ ರಾಜನಿಗೆ ಮಾತ್ರ ಲಾಭ ಆಗಬಹುದು. ಚಿನ್ನ ಬೆಳ್ಳಿ ಬಿಟ್ಟು ಬೇರೇನೂ ಕಾಣದೇ ಇದ್ದೋನಿಗೆ ಈ ಥರ ವಿಂಗಡಣೆ ಹೊಳೆಯೋಕೆ ಸಾಧ್ಯ ಇಲ್ಲ.

ಆ ಪುಸ್ತಕದ ನಾಲ್ಕನೇ ಅಧ್ಯಾಯ ಒಂದನ್ನಾದ್ರೂ ಪೂರ್ತಿ ಓದಿ, ಚಿಕ್ಕದು. ದುಡ್ಡು ಹೊರಗೆ ಕಳಿಸೋದ್ರಿಂದ್ಲೇ ದುಡ್ಡು ಬೆಳಿಯತ್ತೆ ಅನ್ನೋ ವಾದ ಅಲ್ಲಿದೆ, ಬಿತ್ತನೆ ಟೈಮಲ್ಲಿ ರೈತ ಒಳ್ಳೇ ಕಾಳನ್ನ ಮಣ್ಣಿಗೆ ಎಸೆಯೋದು ಮಾತ್ರ ನೋಡಿದ್ರೆ ಹುಚ್ಚ ಅನ್ಕೋತೀವಿ, ಸುಗ್ಗಿ ನೋಡಿದ ಮೇಲೆ ಗೊತ್ತಾಗತ್ತೆ ಅಂತಾನೆ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿಗೆ ಪೆನ್ಸಿಲ್‌ನಲ್ಲಿ ದಪ್ಪ ಗೆರೆ ಎಳೀರಿ: ದೇಶದಲ್ಲಿ ದುಡ್ಡು ಹೇರಳ ಆದ್ರೆ ಅಲ್ಲಿನ ಸರಕು ತುಟ್ಟಿ ಆಗತ್ತೆ ಅನ್ನೋದನ್ನ ಎಲ್ರೂ ಒಪ್ತಾರೆ, ಹಾಗಾಗಿ ದುಡ್ಡನ್ನ ಒಳಗೇ ಕೂಡಿಟ್ರೆ ನಮ್ಮ ಸರಕು ಹೊರಗೆ ಮಾರಾಟ ಆಗೋದು ಕಮ್ಮಿ ಆಗತ್ತೆ ಅಂತಾನೆ. ಇದನ್ನ ಹ್ಯೂಮ್ ಕಂಡುಹಿಡಿದ ಅಂತ ಪಾಠದಲ್ಲಿ ಓದಿರ್ತೀವಿ. ಮನ್‌ಗೂ ಗೊತ್ತಿತ್ತು, ಅವನಿಗಿಂತ ಮುಂಚೆ 1568ರಲ್ಲಿ ಫ್ರಾನ್ಸ್‌ನ ಜಾನ್ ಬೋಡಾನ್, 1556ರಲ್ಲಿ ಸ್ಪೇನ್‌ನ ಸಾಲಮಾಂಕಾ ಪರಂಪರೆಯ ಅಸ್ಪಿಲ್ಕ್ಯೂಟಾ, ಅಮೆರಿಕದಿಂದ ಬೆಳ್ಳಿ ಬಂದು ಬೀಳ್ತಿರೋದಕ್ಕೇ ಬೆಲೆ ಏರ್ತಿದೆ ಅಂತ ಬರೆದಿದ್ರು. ಗೊತ್ತಿದ್ದೂ ಮನ್ ಯಾಕೆ ಅದನ್ನ ಕೊನೇವರೆಗೂ ಎಳೀಲಿಲ್ಲ ಅನ್ನೋದನ್ನ ಪ್ರಶ್ನೆಯಾಗಿ ಬರೆದಿಟ್ಕೊಂಡು ಮುಂದೆ ಹೋಗಿ.

ಇಲ್ಲಿ ನಮ್ಮ ಕಡೆಯ ಒಂದು ಮಾತು. ಆ ಕಾಲದ ಇಂಗ್ಲಿಷರು ಮೆಣಸು ಹೆಚ್ಚಾಗಿ ಕೊಂಡಿದ್ದು ಜಾವಾ ಸುಮಾತ್ರಾ ಕಡೆಯಿಂದ. ಅದಕ್ಕೂ ಮುಂಚೆ ಪೋರ್ಚುಗೀಸರು ನಮ್ಮ ಕರಾವಳಿಯಲ್ಲೇ ಮೆಣಸಿಗೆ ಬಂದು ನಿಂತವರು, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿನ ಅವರು ಮೆಣಸಿನ ರಾಣಿ ಅಂತಲೇ ಕರೀತಿದ್ರು. ಮನ್‌ನ ಟೇಬಲ್‌ನಲ್ಲಿ "ಎರಡೂವರೆ ಪೆನ್ನಿ" ಅಂತ ಒಂದೇ ಸಾಲಲ್ಲಿ ಮುಗಿದು ಹೋಗೋ ಆ ಬೆಲೆಯ ಈಚೆ ಬದಿಯಲ್ಲಿ ಬಳ್ಳಿ ಹತ್ತಿ ಮೆಣಸು ಕೊಯ್ದೋರು, ಒಣಗಿಸಿದೋರು ಇದ್ರು. ಅವರ ಲಾಭದ ಕಾಲಂ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ನಿಮ್ಮ ನೋಟ್‌ಬುಕ್‌ನಲ್ಲಿ ಆ ನಾಲ್ಕನೇ ಕಾಲಂ ಎಳೆದು ಖಾಲಿ ಬಿಡಿ.

ನಾಣ್ಯದ ಜಗಳ: ಒಂದು ಔನ್ಸ್ ಬೆಳ್ಳಿ ಸಾಕು

ದುಡ್ಡು ಅಂದ್ರೆ ಏನು ಅನ್ನೋ ಪ್ರಶ್ನೆ ಪುಸ್ತಕದಲ್ಲಿ ಓದಿದ್ರೆ ಬೋರ್, 1690ರ ದಶಕದ ಲಂಡನ್‌ಗೆ ಹೋದ್ರೆ ಮೈ ಜುಮ್ ಅನ್ಸತ್ತೆ. ಆಗ ಚಲಾವಣೆಯಲ್ಲಿದ್ದ ಎಷ್ಟೋ ಬೆಳ್ಳಿ ನಾಣ್ಯ ಸುತ್ತಿಗೆಯಲ್ಲಿ ಬಡಿದು ಮಾಡಿದ್ದು, ಅಂಚು ಸಮ ಇರ್ತಿರಲಿಲ್ಲ. ಜನ ಕತ್ತರಿ ತಗೊಂಡು ಅಂಚಿಂದ ಚೂರು ಚೂರು ಬೆಳ್ಳಿ ಕತ್ತರಿಸ್ಕೊಂಡು ನಾಣ್ಯಾನ ಪೂರ್ತಿ ಬೆಲೆಗೇ ಚಲಾಯಿಸ್ತಿದ್ರು. ಸಿಕ್ಕಿಬಿದ್ರೆ ರಾಜದ್ರೋಹ, ಮರಣದಂಡನೆ, ಆದ್ರೂ ನಿಲ್ಲಲಿಲ್ಲ. 1695ರ ಹೊತ್ತಿಗೆ ಕೈಯಿಂದ ಕೈಗೆ ಓಡಾಡೋ ನಾಣ್ಯದ ತೂಕ ಸರಾಸರಿ ಅರ್ಧದ ಹತ್ತಿರ ಇಳಿದಿತ್ತು. 1660ರ ದಶಕದಿಂದ ಯಂತ್ರದಲ್ಲಿ ಹೊಡೆದ, ಅಂಚಿಗೆ ಗೆರೆ ಅಥವಾ ಅಕ್ಷರ ಇದ್ದ ಗಟ್ಟಿ ನಾಣ್ಯ ಬರ್ತಿತ್ತು, ಆದ್ರೆ ಅದು ಹೊರಗೆ ಬಂದ ತಕ್ಷಣ ಮಾಯ.

ಯಾಕೆ ಮಾಯ? ಲೆಕ್ಕ ಹಾಕಿ. ಟಂಕಸಾಲೆ ಒಂದು ಔನ್ಸ್ ಬೆಳ್ಳಿಗೆ ಕೊಡ್ತಿದ್ದಿದ್ದು 5 ಶಿಲ್ಲಿಂಗ್ 2 ಪೆನ್ನಿ, ಅಂದ್ರೆ 62 ಪೆನ್ನಿ. ಮಾರ್ಕೆಟ್‌ನಲ್ಲಿ ಅದೇ ಔನ್ಸ್‌ಗೆ 6 ಶಿಲ್ಲಿಂಗ್ 5 ಪೆನ್ನಿ, 77 ಪೆನ್ನಿ. ಪೂರ್ತಿ ತೂಕದ ನಾಣ್ಯ ಕರಗಿಸಿ ಗಟ್ಟಿ ಮಾಡಿ ಮಾರಿದ್ರೆ ಔನ್ಸ್‌ಗೆ 15 ಪೆನ್ನಿ ಮಿಗತ್ತೆ. ಖಜಾನೆಯ ಕಾರ್ಯದರ್ಶಿ ವಿಲಿಯಂ ಲೌಂಡ್ಸ್ 1695ರ ವರದಿಯಲ್ಲಿ ಹೇಳಿದ್ದು ಏನಂದ್ರೆ, ಹೊಸ ನಾಣ್ಯ ಹೊಡೆಯೋವಾಗ ಕ್ರೌನ್‌ನ 5 ಶಿಲ್ಲಿಂಗ್ ಬದಲು 6 ಶಿಲ್ಲಿಂಗ್ 3 ಪೆನ್ನಿ ಅಂತ ಮಾಡಿ. ಇದನ್ನೂ ಭಾಗಿಸಿ ನೋಡಿ: 75ನ್ನ 60ರಿಂದ ಭಾಗಿಸಿದ್ರೆ 1.25, 77ನ್ನ 62ರಿಂದ ಭಾಗಿಸಿದ್ರೆ 1.24. ಅಂದ್ರೆ ಆ ಮನುಷ್ಯ ಮಾರ್ಕೆಟ್ ರೇಟ್ ನೋಡಿ ನಾಣ್ಯದ ರೇಟನ್ನ ಅದಕ್ಕೆ ಹೊಂದಿಸ್ತಿದಾನೆ. ಹೆಸರಿನ ಬೆಲೆ ಕಾಲು ಭಾಗ ಏರಿದ್ರೆ ಒಂದೊಂದು ಶಿಲ್ಲಿಂಗ್‌ನಲ್ಲಿರೋ ಬೆಳ್ಳಿ ಐದನೇ ಒಂದು ಭಾಗ ಇಳಿಯತ್ತೆ.

ಇದಕ್ಕೆ ಎದುರು ನಿಂತಿದ್ದು ತತ್ವಜ್ಞಾನಿ ಜಾನ್ ಲಾಕ್. ಅವನದು ಒಂದೇ ಪಟ್ಟು: ಔನ್ಸ್ ಬೆಳ್ಳಿ ಯಾವಾಗ್ಲೂ ಔನ್ಸ್ ಬೆಳ್ಳಿಗೇ ಸಮ, ಆ 77 ಪೆನ್ನಿ ಅನ್ನೋದು ಕತ್ತರಿಸಿದ ಪೆನ್ನಿ, ನಾಣ್ಯದಲ್ಲಿ ಬೆಳ್ಳಿ ಇಳಿಸೋದು ಅಂದ್ರೆ ಸಾಲ ಕೊಟ್ಟೋನಿಗೆ ಸರ್ಕಾರವೇ ಮೋಸ ಮಾಡಿದ ಹಾಗೆ. ಸರ್ಕಾರ ಲಾಕ್ ಮಾತು ಕೇಳ್ತು. 1696ರಲ್ಲಿ ಹಳೇ ತೂಕಕ್ಕೇ ಹೊಸ ನಾಣ್ಯ ಹೊಡೆದ್ರು, ಖರ್ಚಿಗೆ ಮನೆ ಕಿಟಕಿ ಮೇಲೆ ತೆರಿಗೆ ಹಾಕಿದ್ರು, ಐಸಾಕ್ ನ್ಯೂಟನ್ ಅದೇ ವರ್ಷ ಟಂಕಸಾಲೆಗೆ ವಾರ್ಡನ್ ಆಗಿ ಬಂದ. ಆಮೇಲೆ ಏನಾಯ್ತು ನೋಡಿ. ಕತ್ತರಿಸಿದ ನಾಣ್ಯ ರದ್ದಾಯ್ತು, ಹೊಸದು ಸಾಕಷ್ಟು ಬಂದಿರಲಿಲ್ಲ, ಕೆಲವು ತಿಂಗಳು ಕೈಯಲ್ಲಿ ಚಿಲ್ಲರೆನೇ ಇಲ್ಲದೇ ಜನ ಒದ್ದಾಡಿದ್ರು. ಹೊಸ ಗಟ್ಟಿ ನಾಣ್ಯಾನೂ ಕರಗಿ ದೇಶ ಬಿಟ್ಟು ಹೋಯ್ತು, ಏಷ್ಯಾದಲ್ಲಿ ಬೆಳ್ಳಿಗೆ ಚಿನ್ನದ ಲೆಕ್ಕದಲ್ಲಿ ಜಾಸ್ತಿ ಬೆಲೆ ಇದ್ದಿದ್ರಿಂದ ಅದರಲ್ಲಿ ದೊಡ್ಡ ಪಾಲು ಈ ಕಡೆಗೇ ಹರಿದು ಬಂತು. 1717ರಲ್ಲಿ ಗಿನಿ ಅನ್ನೋ ಚಿನ್ನದ ನಾಣ್ಯಕ್ಕೆ 21 ಶಿಲ್ಲಿಂಗ್ ಅಂತ ನಿಗದಿ ಮಾಡಿದ ಮೇಲೆ ಬ್ರಿಟನ್ ಬೆಳ್ಳಿ ಬಿಟ್ಟು ಚಿನ್ನದ ನಾಣ್ಯದ ಮೇಲೆ ನಿಂತ್ಬಿಡ್ತು, ಯಾರೂ ಹಾಗೆ ಆಗಲಿ ಅಂತ ಯೋಜನೆ ಹಾಕಿರಲಿಲ್ಲ.

ನಿಮ್ಮ ಪುಟದಲ್ಲಿ ಎರಡು ಕಾಲಂ ಮಾಡಿ, ಲಾಕ್ ಗೆದ್ರೆ ಯಾರಿಗೆ ಲಾಭ, ಲೌಂಡ್ಸ್ ಗೆದ್ರೆ ಯಾರಿಗೆ ಲಾಭ. ಸಾಲ ಕೊಟ್ಟೋರು, ಸಾಲ ತಗೊಂಡೋರು, ಬಾಡಿಗೆ ಮೇಲೆ ಬದುಕೋ ಜಮೀನ್ದಾರರು, ಕೂಲಿಯೋರು, ತೆರಿಗೆ ಕಟ್ಟೋರು, ಒಬ್ಬೊಬ್ಬರದ್ದೂ ತುಂಬಿ. ನನಗೆ ಲೌಂಡ್ಸ್ ಕಡೆಯೇ ಒಲವು. ಲಾಕ್ ತತ್ವದಲ್ಲಿ ಗಟ್ಟಿ, ಆದ್ರೆ ಮಾರ್ಕೆಟ್‌ನಲ್ಲಿ ಅವತ್ತು ಏನು ನಡೀತಿತ್ತು ಅಂತ ನೋಡಿ ಬರೆದಿದ್ದು ಆ ಅಧಿಕಾರಿ. ನೀವು ಓದಿ ಬೇರೆ ನಿರ್ಧಾರಕ್ಕೆ ಬರಬಹುದು, ಬರಲಿ.

ಹ್ಯೂಮ್, ಕ್ಯಾಂಟಿಲಾನ್ ಜೊತೆಜೊತೆಗೆ

ಹ್ಯೂಮ್ 1752ರಲ್ಲಿ ಹೊರತಂದ ಪ್ರಬಂಧಗಳಲ್ಲಿ ದುಡ್ಡಿನ ಬಗ್ಗೆ ಒಂದು, ವ್ಯಾಪಾರದ ತಕ್ಕಡಿ ಬಗ್ಗೆ ಒಂದು ಇದೆ. ಎರಡನೇದರಲ್ಲಿ ಹೀಗೊಂದು ಊಹೆ ಕೊಡ್ತಾನೆ: ಬ್ರಿಟನ್‌ನಲ್ಲಿರೋ ದುಡ್ಡಲ್ಲಿ ಐದರಲ್ಲಿ ನಾಲ್ಕು ಪಾಲು ಒಂದು ರಾತ್ರಿಯೊಳಗೆ ಮಾಯ ಆಯ್ತು ಅಂದ್ಕೊಳ್ಳಿ. ಬೆಳಗ್ಗೆ ಏನಾಗತ್ತೆ? ಓದೋಕೆ ಮುಂಚೆ ನೀವೇ ಬರೀರಿ. ಕೂಲಿ, ಸರಕಿನ ಬೆಲೆ ಇಳಿಯತ್ತೆ, ಹೊರಗಿನವರಿಗೆ ಬ್ರಿಟನ್ ಸರಕು ಅಗ್ಗ ಆಗತ್ತೆ, ಎಲ್ರೂ ಕೊಳ್ತಾರೆ, ದುಡ್ಡು ವಾಪಸ್ ಹರಿದು ಬರತ್ತೆ, ಬೆಲೆ ಮತ್ತೆ ಏರತ್ತೆ, ಅಗ್ಗದ ಅನುಕೂಲ ಹೋಗತ್ತೆ. ದುಡ್ಡು ಐದು ಪಟ್ಟು ಆಯ್ತು ಅಂದ್ರೆ ಇದೆಲ್ಲ ಉಲ್ಟಾ. ನೀರು ತನ್ನ ಮಟ್ಟ ತಾನೇ ಹುಡುಕ್ಕೊಳ್ಳೋ ಹಾಗೆ ಅಂತಾನೆ. ಮನ್ ಅರ್ಧ ದಾರೀಲಿ ಬಿಟ್ಟಿದ್ದನ್ನ ಇವನು ಕೊನೇವರೆಗೂ ಎಳೆದ, ದುಡ್ಡು ಜಾಸ್ತಿ ಆದ್ರೆ ಬೆಲೆ ಏರತ್ತೆ ಅಂತಾದ್ರೆ ವರ್ಷ ವರ್ಷ ತಕ್ಕಡಿ ನಮ್ಮ ಕಡೆಗೇ ವಾಲಿರೋ ಹಾಗೆ ಇಟ್ಕೊಳ್ಳೋಕೆ ಆಗೋದೇ ಇಲ್ಲ ಅಂತ.

ಬಾಣದ ಗುರುತು ಹಾಕಿ ಈ ಸರಪಳಿ ಬರೆದ ಮೇಲೆ ಪ್ರತಿ ಬಾಣದ ಮೇಲೂ ಎರಡು ಪ್ರಶ್ನೆ ಬರೀರಿ, ಎಷ್ಟು ಕಾಲ ಹಿಡಿಯತ್ತೆ, ಅಲ್ಲಿವರೆಗೆ ಯಾರು ಒದ್ದಾಡ್ತಾರೆ. ಈಗ ದುಡ್ಡಿನ ಬಗ್ಗೆ ಇರೋ ಪ್ರಬಂಧ ತೆಗೀರಿ. ದುಡ್ಡು ವ್ಯಾಪಾರದ ಗಾಲಿ ಅಲ್ಲ, ಗಾಲಿ ಸಲೀಸಾಗಿ ತಿರುಗೋಕೆ ಹಾಕೋ ಎಣ್ಣೆ ಅಂತ ಶುರು ಮಾಡೋ ಹ್ಯೂಮ್, ಮುಂದೆ ಹೋದ ಹಾಗೆ ದುಡ್ಡು ಒಳಗೆ ಬಂದು ಬೆಲೆ ಏರೋಕೆ ಮುಂಚಿನ ಆ ಮಧ್ಯದ ಅವಧೀಲಿ ಮಾತ್ರ ಉದ್ಯೋಗ ಚಿಗುರತ್ತೆ ಅಂತ ತಾನೇ ಒಪ್ಕೊಳ್ತಾನೆ. ಒಂದು ಪ್ರಬಂಧ ಮಾತ್ರ ಓದಿದೋರು ಹ್ಯೂಮ್‌ನ ಅರ್ಧ ಮಾತ್ರ ಓದಿದ ಹಾಗೆ.

ಆ ಮಧ್ಯದ ಅವಧಿ ಹೇಗಿರತ್ತೆ ಅಂತ ಅವನಿಗಿಂತ ಚೆನ್ನಾಗಿ ಹೇಳಿದ್ದು ರಿಚರ್ಡ್ ಕ್ಯಾಂಟಿಲಾನ್. ಐರ್ಲೆಂಡ್ ಮೂಲದ ಬ್ಯಾಂಕರ್, ಪ್ಯಾರಿಸ್‌ನಲ್ಲಿ ಜಾನ್ ಲಾ ಕಟ್ಟಿದ ಮಿಸಿಸಿಪಿ ಕಂಪನಿಯ ಷೇರು ಗುಳ್ಳೆ 1720ರಲ್ಲಿ ಒಡೆಯೋಕೆ ಮುಂಚೆ ದುಡ್ಡು ಮಾಡ್ಕೊಂಡು ಹೊರಬಿದ್ದೋನು. 1734ರಲ್ಲಿ ತೀರ್ಕೊಂಡ, ಪುಸ್ತಕ ಅಚ್ಚಾಗಿದ್ದು 1755ರಲ್ಲಿ, ಫ್ರೆಂಚ್‌ನಲ್ಲಿ. ಅದರ ಎರಡನೇ ಭಾಗ ಓದಿ. ಹೊಸ ಗಣಿಯಿಂದ ಬೆಳ್ಳಿ ಬಂತು ಅಂದ್ರೆ ಮೊದಲು ಕೈತುಂಬ ಆಗೋದು ಗಣಿ ಮಾಲೀಕರಿಗೆ, ಕರಗಿಸೋರಿಗೆ, ಅಲ್ಲಿನ ಕೆಲಸಗಾರರಿಗೆ. ಅವರು ಮಾಂಸ, ವೈನ್, ಉಣ್ಣೆ ಜಾಸ್ತಿ ಕೊಳ್ತಾರೆ, ಆ ಸರಕುಗಳ ಬೆಲೆ ಮೊದಲು ಏರತ್ತೆ, ಅದನ್ನ ಮಾರಿದೋರ ಕೈಗೆ ಆಮೇಲೆ ದುಡ್ಡು ಬರತ್ತೆ. ನಿಗದಿ ಸಂಬಳ, ನಿಗದಿ ಬಾಡಿಗೆ ಮೇಲೆ ಬದುಕೋರಿಗೆ ಏರಿದ ಬೆಲೆ ಮೊದಲು ಬಂದು ದುಡ್ಡು ಕೊನೆಗೆ ಬರತ್ತೆ. ಒಂದು ಹಾಳೆ ಮೇಲೆ ಗಣಿಯಿಂದ ಶುರು ಮಾಡಿ ಯಾರ ಕೈಯಿಂದ ಯಾರ ಕೈಗೆ ಅಂತ ಗೆರೆ ಎಳೀತಾ ಹೋಗಿ. ಹ್ಯೂಮ್‌ನ ಸರಪಳಿಯಲ್ಲಿ "ಬೆಲೆ ಏರತ್ತೆ" ಅಂತ ಒಂದೇ ಬಾಣ ಇದ್ದ ಜಾಗದಲ್ಲಿ ಎಷ್ಟೊಂದು ಮನೆಗಳು ಕಾಣ್ಸತ್ತೆ ನೋಡಿ.

ಹ್ಯೂಮ್‌ಗೆ ನಾವು ಈ ಕಡೆಯಿಂದ ಕೇಳಬೇಕಾದ ಪ್ರಶ್ನೆ ಒಂದಿದೆ. ನೀರು ತನ್ನ ಮಟ್ಟಕ್ಕೆ ಬರೋದು ನಿಜ ಆದ್ರೆ ಯುರೋಪಿನ ಬೆಳ್ಳಿ ಏಷ್ಯಾ ಕಡೆ ವರ್ಷಾನುಗಟ್ಟಲೆ ಒಂದೇ ದಿಕ್ಕಲ್ಲಿ ಹರೀತಾನೇ ಇದ್ದಿದ್ದು ಹೇಗೆ? ಅವನ ಪ್ರಬಂಧದಲ್ಲೇ ಇದರ ಉತ್ತರದ ಎಳೆ ಸಿಗತ್ತೆ, ಚೀನಾದ ಮಾತು ಬಂದಾಗ ವಿಪರೀತ ದೂರ ಮತ್ತು ಇಂಡಿಯಾ ಕಂಪನಿಗಳ ಏಕಸ್ವಾಮ್ಯ ಆ ಹರಿವಿಗೆ ಅಡ್ಡ ಕಟ್ಟೆ ಹಾಕಿದೆ ಅಂತಾನೆ. ಆ ಸಾಲನ್ನ ಹುಡುಕಿ ಮನ್‌ನ ಪುಟದ ಪಕ್ಕ ಬರೆದಿಟ್ಕೊಳ್ಳಿ.

ಕೆನೆಯ ಚಿತ್ರ

ಫ್ರಾಂಸ್ವಾ ಕೆನೆ ಫ್ರಾನ್ಸ್ ಅರಮನೆಯ ವೈದ್ಯ. 1758-59ರಲ್ಲಿ ಅವನು ಮಾಡಿದ ಕೋಷ್ಟಕಾನ ಓದೋಕೆ ಹೋಗಬೇಡಿ, ಬರೆದು ನೋಡಿ. ಹಾಳೆ ಮಧ್ಯ ಜಮೀನ್ದಾರ, ಎಡಕ್ಕೆ ರೈತರು, ಬಲಕ್ಕೆ ಕುಶಲಕರ್ಮಿಗಳು. ಜಮೀನ್ದಾರನ ಹತ್ರ 600 ಲಿವ್ರ್ (ಆಗಿನ ಫ್ರೆಂಚ್ ದುಡ್ಡು) ಗೇಣಿ, 300 ಎಡಕ್ಕೆ 300 ಬಲಕ್ಕೆ ಖರ್ಚು ಮಾಡ್ತಾನೆ. ಬಂದಿದ್ದರಲ್ಲಿ ಅರ್ಧ ಅವರು ಎದುರು ಬದಿಗೆ ಕೊಡ್ತಾರೆ, 150, ಆಮೇಲೆ 75, ಹೀಗೆ ಗೆರೆ ಅಂಕುಡೊಂಕಾಗಿ ಇಳೀತಾ ಹೋಗತ್ತೆ. ಎಡಗಡೆ ಕೂಡಿಸಿದ್ರೆ 600 ಬರತ್ತೆ, ಭೂಮಿ ಮತ್ತೆ 600 ನಿವ್ವಳ ಉತ್ಪನ್ನ ಕೊಟ್ಟು ಮುಂದಿನ ವರ್ಷ ಶುರು. ಭೂಮಿ ಮಾತ್ರ ಹೆಚ್ಚಿನದನ್ನ ಕೊಡತ್ತೆ, ಕೈಕೆಲಸದವರದ್ದು ಬಂಜೆ ವರ್ಗ ಅಂದ, ಅದು ಒಪ್ಪೋ ಮಾತಲ್ಲ. ಆದ್ರೆ ಒಬ್ಬನ ಖರ್ಚು ಇನ್ನೊಬ್ಬನ ಆದಾಯ ಅನ್ನೋದು ಒಂದು ಹಾಳೆ ಮೇಲೆ ಕಣ್ಣಿಗೆ ಕಾಣೋ ಹಾಗೆ ಮಾಡಿದ್ದು ಇವನೇ.

ಇಷ್ಟೊತ್ತಿಗೆ ಯಾರಾದ್ರೂ ಕೇಳ್ತಾರೆ, ನಮ್ಮ ಕೌಟಿಲ್ಯ ಎಲ್ಲಿ ಅಂತ. ಖಂಡಿತ ಓದಿ, ಅದರಲ್ಲೂ ನಮಗೆ ಹೆಮ್ಮೆ ಪಡೋಕೆ ಕಾರಣ ಇದೆ, ಕಳೆದೇ ಹೋಗಿದೆ ಅಂದ್ಕೊಂಡಿದ್ದ ಅರ್ಥಶಾಸ್ತ್ರದ ಹಸ್ತಪ್ರತಿಯನ್ನ 1905ರಲ್ಲಿ ಗುರುತಿಸಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಅಚ್ಚಾಯ್ತು. ಅದಕ್ಕೂ ಅದೇ ಮೂರು ಪ್ರಶ್ನೆ ಹಾಕಿ. ಅಲ್ಲಿ ವ್ಯಾಪಾರಿಗೆ ಸ್ಥಳೀಯ ಸರಕಿನ ಮೇಲೆ ನೂರಕ್ಕೆ 5, ಪರದೇಶದ ಸರಕಿನ ಮೇಲೆ ನೂರಕ್ಕೆ 10 ಲಾಭ ಅಂತ ಮಿತಿ ಹಾಕಿದೆ. ಮನ್ ವ್ಯಾಪಾರಿಯಾಗಿ ನಿಂತು ರಾಜನಿಗೆ ಹೇಳ್ತಿದಾನೆ, ಇಲ್ಲಿ ರಾಜನ ಪಕ್ಕದಲ್ಲಿ ನಿಂತು ವ್ಯಾಪಾರಿ ಮೇಲೆ ಕಣ್ಣಿಡಿ ಅಂತ ಹೇಳ್ತಿದಾರೆ. ಎರಡನ್ನೂ ಒಂದೇ ವಾರದಲ್ಲಿ ಓದಿದ್ರೆ ಈ ವ್ಯತ್ಯಾಸ ಥಟ್ ಅಂತ ಹೊಡೆಯತ್ತೆ.

ಕೊನೇಲಿ ಸ್ಮಿತ್, ಜೊತೆಗೊಂದು ಅನಾಮಧೇಯ ಪುಸ್ತಕ

1776ರ ಸ್ಮಿತ್ ಪುಸ್ತಕ ದೊಡ್ಡದು, ಈಗ ನಾಲ್ಕನೇ ಭಾಗದ ಮೊದಲ ಅಧ್ಯಾಯ ಸಾಕು. ಅಮೆರಿಕಕ್ಕೆ ಹೋದ ಸ್ಪೇನಿನವರು ಎಲ್ಲಿ ಇಳಿದ್ರೂ ಮೊದಲು ಕೇಳ್ತಿದ್ದಿದ್ದು ಇಲ್ಲಿ ಚಿನ್ನ ಬೆಳ್ಳಿ ಇದೆಯಾ ಅಂತ, ಟಾರ್ಟರರು (ದನ ಕುರಿ ಸಾಕೋ ಮಧ್ಯ ಏಷ್ಯಾದ ಅಲೆಮಾರಿಗಳು) ಕೇಳ್ತಿದ್ದಿದ್ದು ಫ್ರಾನ್ಸ್‌ನಲ್ಲಿ ಕುರಿ ಎತ್ತು ಎಷ್ಟಿವೆ ಅಂತ, ಇಬ್ಬರಲ್ಲಿ ಟಾರ್ಟರರೇ ಸತ್ಯಕ್ಕೆ ಹತ್ತಿರ ಇದ್ರೇನೋ ಅಂತಾನೆ ಸ್ಮಿತ್. ಓದಿ ಖುಷಿ ಪಡಿ, ಆದ್ರೆ ನಿಮ್ಮ ಮನ್ ನೋಟ್ಸ್ ಪಕ್ಕದಲ್ಲೇ ಇರಲಿ. ಬಿತ್ತನೆಯ ಮಾತನ್ನ ಸ್ಮಿತ್ ಎತ್ತಿ ಬರೆದಿದಾನೆ, ಈ ವ್ಯಾಪಾರಿಗಳ ವಾದ ಸ್ವಲ್ಪ ಗಟ್ಟಿ ಸ್ವಲ್ಪ ಪೊಳ್ಳು ಅಂತ ಭಾಗ ಮಾಡಿ, ಬೆಳ್ಳಿ ಹೊರಗೆ ಕಳಿಸೋದ್ರಿಂದ ದೇಶಕ್ಕೆ ಒಳ್ಳೇದಾಗಬಹುದು ಅಂದಿದ್ದು ಗಟ್ಟಿ ಅಂತ ಒಪ್ಕೊಂಡಿದಾನೆ. ವ್ಯಾಪಾರ ಗೊತ್ತಿರೋರು ಅಂತ ಅನ್ನಿಸ್ಕೊಂಡೋರು, ತಮಗೆ ಅದರ ಗಂಧ ಇಲ್ಲ ಅಂತ ಒಳಗೊಳಗೇ ಗೊತ್ತಿದ್ದ ಪಾರ್ಲಿಮೆಂಟ್‌ನೋರಿಗೆ ಜಮೀನ್ದಾರರಿಗೆ ಹೇಳಿದ ವಾದ ಇದು ಅನ್ನೋ ಅರ್ಥದ ಸಾಲೂ ಅಲ್ಲೇ ಇದೆ. ಯಾರು ಯಾರಿಗೆ ಬರೆದ್ರು ಅನ್ನೋ ನಮ್ಮ ಎರಡನೇ ಪ್ರಶ್ನೆಯನ್ನ ಸ್ಮಿತ್ ಕೂಡ ಕೇಳಿದಾನೆ. ನೀವು ಗುರುತು ಹಾಕಿದ ಯಾವ ಯಾವ ಜಾಗ ಅವನು ಮುಟ್ಟಲೇ ಇಲ್ಲ ಅಂತ ಪಟ್ಟಿ ಮಾಡಿ, ಮೂರು ಥರದ ಲಾಭದ ಪುಟದಿಂದ ಶುರು ಮಾಡಿ.

ಇನ್ನೊಂದು ಓದು ಉಳಿದಿದೆ, ತುಂಬಾ ಜನ ಇದರ ಹೆಸರೇ ಕೇಳಿರಲ್ಲ. 1690ರ ದಶಕದಲ್ಲಿ ಭಾರತದ ಹತ್ತಿ ಬಟ್ಟೆ, ಚೀಟಿ ಬಟ್ಟೆ ಲಂಡನ್ ತುಂಬಾ ಹರಡಿ ಅಲ್ಲಿನ ನೇಕಾರರು ಗಲಾಟೆ ಎಬ್ಬಿಸಿದ್ರು, 1700ರಲ್ಲಿ ಪಾರ್ಲಿಮೆಂಟ್ ಬಣ್ಣ ಹಾಕಿದ ಅಚ್ಚು ಹಾಕಿದ ಬಟ್ಟೆಯ ಆಮದು ತಡೆಯೋ ಕಾಯ್ದೆ ಮಾಡ್ತು, 1721ರಲ್ಲಿ ಉಡೋದನ್ನೇ ನಿಷೇಧ ಮಾಡೋ ಇನ್ನೊಂದು ಕಾಯ್ದೆ ಬಂತು. ಮಧ್ಯೆ 1701ರಲ್ಲಿ ಹೆಸರು ಹಾಕದೇ ಒಬ್ಬರು ಈಸ್ಟ್ ಇಂಡಿಯಾ ವ್ಯಾಪಾರದ ಬಗ್ಗೆ ಒಂದು ಪುಸ್ತಕ ಬರೆದ್ರು, ಹೆನ್ರಿ ಮಾರ್ಟಿನ್ ಬರೆದಿದ್ದು ಅಂತ ಸಾಮಾನ್ಯವಾಗಿ ಹೇಳ್ತಾರೆ. ವಾದ ಇಷ್ಟು: ಒಂಬತ್ತು ಜನ ಸೇರಿ ಇಂಗ್ಲೆಂಡ್‌ನಲ್ಲಿ ಮೂರು ಬುಷೆಲ್ (ಧಾನ್ಯದ ಹಳೇ ಅಳತೆ) ಗೋಧಿ ಮಾತ್ರ ಬೆಳೀಬಲ್ಲರು, ಅಷ್ಟೇ ದುಡಿಮೆಯಲ್ಲಿ ಬೇರೆ ದೇಶದಿಂದ ಒಂಬತ್ತು ಬುಷೆಲ್ ತರಬಹುದು ಅಂದ್ರೆ, ಮೂರು ಜನ ಮಾಡೋ ಕೆಲಸಕ್ಕೆ ಒಂಬತ್ತು ಜನಾನ ಹಾಕಿದ ಹಾಗೆ ಅಲ್ವಾ? ಸ್ಮಿತ್‌ಗಿಂತ 75 ವರ್ಷ ಮುಂಚೆ.

ಇದನ್ನ ಓದೋವಾಗ ನೋಟ್‌ಬುಕ್‌ನಲ್ಲಿ ಖಾಲಿ ಬಿಟ್ಟಿದ್ದ ನಾಲ್ಕನೇ ಕಾಲಂ ತೆಗೀರಿ. ಬಟ್ಟೆ ನೇಯ್ದ ಗುಜರಾತ್, ಬಂಗಾಳ, ಕೋರಮಂಡಲದ ಮಗ್ಗದವರ ಕೂಲಿ ಕಮ್ಮಿ ಅನ್ನೋದು ಈ ವಾದದಲ್ಲಿ ಎಲ್ಲೆಲ್ಲಿ ಬರತ್ತೆ, ಆ ಕಮ್ಮಿ ಕೂಲಿಯಿಂದ ಯಾರಿಗೆ ಉಳಿತಾಯ ಅಂತ ಲೆಕ್ಕ ಹಾಕ್ತಾರೆ, 1721ರ ನಿಷೇಧ ಬಂದಾಗ ಆ ಕಡೆ ಮಗ್ಗದಲ್ಲಿ ಕೂತಿದ್ದೋರ ಪಾಲಿಗೆ ಏನಾಗಿರಬಹುದು, ಒಂದೊಂದನ್ನೇ ಪುಟದ ಸಂಖ್ಯೆ ಸಮೇತ ಬರೀತಾ ಹೋಗಿ. ಆ ಕಾಲಂ ತುಂಬಿದ ಮೇಲೆ ಸ್ಮಿತ್‌ನ ನಾಲ್ಕನೇ ಭಾಗದಲ್ಲೇ ವಸಾಹತುಗಳ ಬಗ್ಗೆ ಇರೋ ಏಳನೇ ಅಧ್ಯಾಯ ತೆಗೀರಿ, ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ ಹೇಗೆ ಆಳ್ತಿದೆ ಅಂತ ಅವನು ಅಲ್ಲಿ ಬಿಡಿಸಿ ಬರೆದಿದಾನೆ.